ಬೇಕರಿ ಅತ್ತಿಗೆಯ ‘ಹೂಂ’

ಆ ಬೇಕರಿಯ ಬಾಗಿಲಲ್ಲಿ ಬೆಳಿಗ್ಗೆ ನಿಲ್ಲುವವರು ಬ್ರೆಡ್ ಆಯಿತೇ ಎಂದು ಕೇಳುವುದಿಲ್ಲ. ‘ಹೂಂ ಆಯ್ತಾ?’ ಎಂದು ಕೇಳುತ್ತಾರೆ. ಹೊಸಬರಿಗೆ ಇದು ಅರ್ಥವಾಗುವುದಿಲ್ಲ. ಹಳಬರು ಒಳಗಡೆ ಕೈ ತೋರಿಸುತ್ತಾರೆ. ಗಾಜಿನ ಕಪಾಟಿನ ಹಿಂದೆ, ಅರ್ಧ ತೆರೆದ ಬಾಗಿಲಾಚೆ, ಉದ್ದನೆಯ ಮರದ ಮೇಜಿನ ಮುಂದೆ ಒಬ್ಬ ಹೆಂಗಸು ನಿಂತಿರುತ್ತಾರೆ. ಮೊಣಕೈವರೆಗೆ ಹಿಟ್ಟು. ಅಚ್ಚುಗಳಲ್ಲಿ ಉಬ್ಬಿ ಕೂತ ಕಣಕವನ್ನು ಎರಡು ಬೆರಳಿಂದ ಒತ್ತಿ, ಕೈ ತೆಗೆದು, ಬಿದ್ದ ಗುಳಿಯನ್ನೇ ನೋಡುತ್ತಾರೆ. ಗುಳಿ ಥಟ್ಟನೆ ಮೇಲೆದ್ದರೆ ಕಣಕ ಇನ್ನೂ ಎಳಸು. ಏಳದೆ ಹಾಗೇ ಉಳಿದರೆ ಹೊತ್ತು ಮೀರಿದೆ. ರಜೆಯ ದಿನ ಹಾಸಿಗೆ ಬಿಟ್ಟೇಳುವ ಸೋಮಾರಿಯ ಹಾಗೆ ಒಲ್ಲದ ಮನಸ್ಸಿನಿಂದ ಎದ್ದರೆ, ಆಗ ‘ಹೂಂ’ ಅನ್ನುತ್ತಾರೆ. ಆಮೇಲೇ ಅಚ್ಚುಗಳು ಒಲೆಗೆ ಹೋಗುವುದು.

ಬೀದಿಯಲ್ಲಿ ಅವರನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಾರೆ. ಗಲ್ಲಾದಲ್ಲಿ ಕೂರುವ ನಾದಿನಿ ದಿನವಿಡೀ ‘ಅತ್ತಿಗೇ, ಬನ್ ಮುಗೀತು’, ‘ಅತ್ತಿಗೇ, ರಸ್ಕ್ ಎಲ್ಲಿಟ್ರಿ?’ ಎಂದು ಕೂಗುತ್ತ ಬಂದದ್ದರಿಂದ ಆ ಹೆಸರು ಊರಿಗೇ ಅಂಟಿಕೊಂಡಿತು. ಅವರ ತಂದೆಯ ವಯಸ್ಸಿನ ನಿವೃತ್ತ ಮೇಷ್ಟರೂ ‘ಅತ್ತಿಗೆ, ಅರ್ಧ ಬ್ರೆಡ್ ಕೊಡಮ್ಮ’ ಅನ್ನುತ್ತಾರೆ.

ಈ ಮನೆಗೆ ಸೊಸೆಯಾಗಿ ಬಂದಾಗ ಬ್ರೆಡ್ ಎಂದರೆ ಕಾಗದದಲ್ಲಿ ಸುತ್ತಿ ಬರುವ ವಸ್ತು ಎಂದಷ್ಟೇ ಅವರಿಗೆ ಗೊತ್ತಿತ್ತು. ತಂದೆ ಬಸ್ ಕಂಡಕ್ಟರ್. ತವರಲ್ಲಿ ಹಿಟ್ಟು ಡಬ್ಬಿಯಲ್ಲಿರುತ್ತಿತ್ತು. ಅದಕ್ಕೆ ಜೀವ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ, ತೊಟ್ಟಿಗೆ ಮುಚ್ಚಿದ ಒದ್ದೆ ಬಟ್ಟೆ ತಾನಾಗಿ ಮೇಲೇರಿದ್ದು ಕಂಡು, ಒಳಗೆ ಬೆಕ್ಕೇನಾದರೂ ಹೊಕ್ಕಿದೆಯೋ ಎಂದು ಬಟ್ಟೆ ಸರಿಸಿ ಬೆರಳಿಂದ ಚುಚ್ಚಿ ನೋಡಿದರು. ಹಿಂದೆಯೇ ಅತ್ತೆ ನಿಂತಿದ್ದರು. ಬೇಕರಿ ಕಟ್ಟಿದವರು ಅವರು. ಆಗ ಹದ ನೋಡುತ್ತಿದ್ದವರೂ ಅವರೇ. ಬೈಗುಳಕ್ಕೆ ತಲೆ ತಗ್ಗಿಸಿದ ಸೊಸೆಗೆ ಕೇಳಿಸಿದ್ದು ಬೇರೆ ಮಾತು.

‘ಏನನ್ನಿಸ್ತು ಬೆರಳಿಗೆ?’

‘ಇನ್ನೂ ನಿದ್ದೆ ಹತ್ತಿಲ್ಲ ಅನ್ನಿಸ್ತು, ಅತ್ತೆ. ಸುಮ್ಮನೆ ಕಣ್ಣು ಮುಚ್ಚಿಕೊಂಡು ಬಿದ್ದಿದೆ.’

ಅತ್ತೆ ಮಗನ ಕಡೆ ತಿರುಗಿದರು. ‘ಮೀಸೆ ಬಂದಾಗಿನಿಂದ ಹೇಳಿಕೊಡ್ತಾ ಇದ್ದೀನಿ ನಿನಗೆ. ಇವಳಿಗೆ ಒಂದು ಚುಚ್ಚಿಗೆ ಬಂತು ನೋಡು!’

‘ಒಳ್ಳೇದಾಯ್ತು ಬಿಡಮ್ಮ. ಇನ್ಮೇಲೆ ಬೈಗುಳಾನೂ ಅವಳಿಗೇ ಹೋಗಲಿ’ ಎಂದು ಮಗ ಒಲೆಯ ಕಡೆ ನಡೆದರು. ಅಂದಿನಿಂದ ಅವರು ಒಲೆಯ ಮುಂದೆಯೇ ಇದ್ದಾರೆ, ಉದ್ದ ಹಿಡಿಯ ಮರದ ಸಲಿಕೆ ಹಿಡಿದುಕೊಂಡು, ಸುಖವಾಗಿ.

ಕೆಲವು ವರ್ಷಗಳಲ್ಲಿ ಅತ್ತೆ ಹದದ ಹೊಣೆಯನ್ನು ಪೂರ್ತಿಯಾಗಿ ಸೊಸೆಗೆ ಬಿಟ್ಟರು. ಈಗ ಕಲೆಸುವುದು ಯಂತ್ರ. ನೀರು ಸಾಕೋ ಬೇಕೋ ಎಂದು ಹೇಳುವುದು ಅತ್ತಿಗೆಯ ಕೈ. ಕಲೆಸಿದ ಮೇಲೆ ಒಂದು ಹೂಂ, ಒಲೆಗೆ ಹೋಗುವ ಮುಂಚೆ ಇನ್ನೊಂದು. ಅತ್ತಿಗೆಗೆ ಆ ಮನೆಯಲ್ಲಿ ಬೇರೆ ಅಧಿಕಾರವೇನೂ ಬೇಕಿರಲಿಲ್ಲ. ಟಿವಿಯ ರಿಮೋಟ್ ನಾದಿನಿಯದ್ದು, ಅಡುಗೆಮನೆ ಅತ್ತೆಯದು, ಮಾತು ಎಲ್ಲರದು. ಹೂಂ ಮಾತ್ರ ಅವರದು.

ಎರಡು ವರ್ಷದ ಹಿಂದೆ ಕೈತಪ್ಪಿ ಹೋಗುವುದರಲ್ಲಿದ್ದದ್ದು ಅದೇ.

ತೊಂದರೆ ಹಿಟ್ಟಿನಿಂದ ಶುರುವಾಯಿತು ಎಂದು ಮನೆಯವರೆಲ್ಲ ನಂಬಿದ್ದರು. ಒಂದು ಬೆಳಿಗ್ಗೆ ಅತ್ತಿಗೆ ತೊಟ್ಟಿಯೊಳಗೆ ಕೈಯಿಟ್ಟು ಹಿಂಡಿ, ‘ಇದೇನ್ರೀ, ಕಲ್ಲಿನ ಹಾಗಿದೆ! ನೀರು ಹಾಕಿ’ ಅಂದರು. ಹಾಕಿದರು. ‘ಇನ್ನೂ ಹಾಕಿ.’ ಇನ್ನೂ ಹಾಕಿದರು. ಅಂದಿನ ಬ್ರೆಡ್ ನಡುವೆ ಕುಸಿದು, ಯಾರೋ ಕೂತು ಎದ್ದ ದಿಂಬಿನ ಹಾಗೆ ಹೊರಗೆ ಬಂತು. ಮಧ್ಯಾಹ್ನದ ಬನ್ನಿಗೂ ಅದೇ ಮೂಟೆಯ ಹಿಟ್ಟು. ಆಗ ಕೈಯಿಟ್ಟರೆ ಎಲ್ಲ ಸರಿಯಾಗಿತ್ತು. ಬನ್ನುಗಳು ದುಂಡಗೆ ಬಂದವು. ಮರುದಿನ ಬೆಳಿಗ್ಗೆ ಮತ್ತೆ ಕಲ್ಲು.

ಬೇರೆ ಮನೆಯಲ್ಲಾಗಿದ್ದರೆ ಕೈಯ ಮೇಲೆ ಅನುಮಾನ ಬರುತ್ತಿತ್ತೋ ಏನೋ. ಇಲ್ಲಿ ಬರಲಿಲ್ಲ. ಅತ್ತಿಗೆಯ ಕೈಗೂ ತಕ್ಕಡಿಗೂ ವ್ಯತ್ಯಾಸ ಬಂದರೆ ತಕ್ಕಡಿಯನ್ನೇ ರಿಪೇರಿಗೆ ಕಳಿಸುವ ಮನೆ ಅದು. ಮೊದಲು ನೀರಿನ ಟ್ಯಾಂಕ್ ತೊಳೆದರು. ಯೀಸ್ಟ್ ಬದಲಾಯಿಸಿದರು. ಬೆಳಗಿನ ಚಳಿಯೇ ಕಾರಣವೆಂದು ಗಂಡ ತೊಟ್ಟಿಗೆ ಹಳೆಯ ಕಂಬಳಿ ಹೊದಿಸಿದರು. ಕಣಕ ಬೆಚ್ಚಗಾಗಿ ಉಕ್ಕಿ ನೆಲಕ್ಕಿಳಿಯಿತು. ಕೊನೆಗೆ ಕುಟುಂಬ ಒಂದು ತೀರ್ಮಾನಕ್ಕೆ ಬಂತು. ಈ ಹಿಟ್ಟು ಬೆಳಿಗ್ಗೆ ಏಳುವುದಿಲ್ಲ, ಮಧ್ಯಾಹ್ನ ಏಳುತ್ತದೆ. ಹಿಟ್ಟಿನ ವ್ಯಾಪಾರಿಗೆ ನಾದಿನಿ ಇದನ್ನು ಫೋನಿನಲ್ಲಿ ಹೇಳಿಯೂ ಬಿಟ್ಟರು.

ಅತ್ತಿಗೆಯ ಬೆರಳುಗಳು ಊದಿದ್ದು ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಉಂಗುರ ಬಿಗಿಯಾಗಿತ್ತು. ಬೆಳಿಗ್ಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆರೆಯಲು ಗಂಡನನ್ನು ಕರೆಯುತ್ತಿದ್ದರು. ಅದಕ್ಕೂ ಅವರಲ್ಲಿ ಕಾರಣ ಸಿದ್ಧವಿತ್ತು. ‘ಈ ದರಿದ್ರ ಹಿಟ್ಟು ಹಿಂಡಿ ಹಿಂಡಿ ಕೈ ಹೀಗಾಗಿದೆ. ಹಿಟ್ಟು ಬದಲಾಗಲಿ, ಕೈಯೂ ಸರಿ ಹೋಗತ್ತೆ.’

ವ್ಯಾಪಾರಿಗೆ ಬೀದಿಯಲ್ಲಿ ಬಿಳಿಮೀಸೆ ಎಂದು ಹೆಸರು. ಮೀಸೆ ನಿಜಕ್ಕೂ ಕಪ್ಪು. ಸ್ನಾನ ಮಾಡಿ ಮೂಟೆ ಮುಟ್ಟುವುದರೊಳಗೆ ಒಂದು ಗಳಿಗೆ ಕಪ್ಪಾಗಿರುತ್ತದೆ, ಅಷ್ಟೆ. ಫೋನು ಕೇಳಿದ ಮರುದಿನ ಬೆಳಿಗ್ಗೆಯೇ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿ ಒಳಗೆ ಬಂದರು.

‘ಬೆಳಿಗ್ಗೆ ಏಳಲ್ಲ ಅಂದ್ರಲ್ಲ. ಹಿಟ್ಟೇನು ಕಾಲೇಜಿಗೆ ಹೋಗೋ ಮಗನೇನಮ್ಮ?’

‘ನಾನು ಕಂಡದ್ದು ಹೇಳಿದೆ’ ಅಂದರು ನಾದಿನಿ. ‘ಅತ್ತಿಗೆ ಕೈಗೆ ಸುಳ್ಳು ಹೇಳೋಕೆ ಬರಲ್ಲ.’

‘ನನ್ನ ಹಿಟ್ಟಿಗೂ ಬರಲ್ಲ. ಅತ್ತಿಗೆ, ಈಗ ನನ್ನೆದುರಿಗೇ ಕಲೆಸಿ. ಹಿಟ್ಟಿನದ್ದೇ ತಪ್ಪು ಅಂತಾದ್ರೆ ಇಲ್ಲೇ ಮೀಸೆ ಬೋಳಿಸ್ತೀನಿ.’

ಅತ್ತಿಗೆ ಕೇಳಿದಷ್ಟು ನೀರು ಹಾಕಿದರು. ಯಂತ್ರ ತಿರುಗಿತು, ನಿಂತಿತು. ಅತ್ತಿಗೆ ಒಂದು ಕಡೆಯಿಂದ ಕೈಯಿಟ್ಟರು, ಬಿಳಿಮೀಸೆ ಇನ್ನೊಂದು ಕಡೆಯಿಂದ.

‘ನೋಡಿ, ಕಲ್ಲು’ ಅಂದರು ಅತ್ತಿಗೆ.

‘ಇದಾ ಕಲ್ಲು? ಅತ್ತಿಗೆ, ಇದನ್ನ ಲೋಟಕ್ಕೆ ಹಾಕಿ ಕುಡೀಬಹುದು!’

‘ನಿಮ್ಮ ಕೈ ಮೂಟೆ ಹೊತ್ತು ಹೊತ್ತು ಜಡ್ಡು ಹಿಡಿದಿದೆ.’

‘ಜಡ್ಡು ಹಿಡಿದ ಕೈಗೇ ಇದು ನೀರು ಅನ್ನಿಸ್ತಾ ಇದೆಯಲ್ಲಮ್ಮ, ಅದನ್ನ ಯೋಚನೆ ಮಾಡಿ!’

ಗಂಡ ಸಲಿಕೆ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತರು. ತಾನು ಯಾರ ಕಡೆ ಎಂದು ಅವರಿಗೆ ಗೊತ್ತಿತ್ತು; ಸರಿ ಯಾವ ಕಡೆ ಇದೆ ಎಂಬುದೇ ಗೊತ್ತಿರಲಿಲ್ಲ. ಗಲಾಟೆ ಕೇಳಿ ಒಳಮನೆಯಿಂದ ಅತ್ತೆ ಬಂದರು. ತೊಟ್ಟಿಗೆ ಕೈ ಹಾಕಿ ಹಿಂಡಿ ನೋಡಿದರು. ಸೆರಗಿನ ತುದಿಗೆ ಕೈಯೊರೆಸಿ ಸೊಸೆಯ ಬಲಗೈಯನ್ನು ಹಿಡಿದುಕೊಂಡರು. ಬೆರಳುಗಳು ಅಂಗೈಗೆ ಸೇರುವ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು, ಕಣಕ ಒತ್ತಿದ ಹಾಗೇ, ಅದೇ ಹಗುರದಲ್ಲಿ ಒತ್ತಿದರು. ಎಲುಬು ಸಿಗಬೇಕಾದ ಕಡೆ ಮೆತ್ತಗೆ, ಬೆಚ್ಚಗೆ ಏನೋ ಸಿಕ್ಕಿತು. ಒಂದೊಂದೇ ಗೆಣ್ಣು ಒತ್ತುತ್ತ ಹೋದರು. ಎಡಗೈಯನ್ನೂ ನೋಡಿದರು.

‘ಉಬ್ಬಿರೋ ಕಣಕ ಇಲ್ಲಿದೆ ಕಣೇ’ ಅಂದರು. ‘ತೊಟ್ಟಿಯಲ್ಲಲ್ಲ.’



‘ಹಾಗಾದ್ರೆ ಕಂಬಳಿ ಹೊದಿಸಿದ್ದು...’ ಎಂದು ಗಂಡ ಶುರು ಮಾಡಿದರು.

‘ನೀನು ಸುಮ್ಮನಿರು’ ಅಂದರು ಅವರ ತಾಯಿ.

ಬಿಳಿಮೀಸೆ ಗೆದ್ದಿದ್ದರು. ಆದರೆ ಗೆದ್ದವರ ಮುಖ ಅದಾಗಿರಲಿಲ್ಲ. ವ್ಯಾನಿನ ಹಿಂದಿನ ಬಾಗಿಲು ತೆರೆದು ಎರಡು ಮೂಟೆ ಕೆಳಗಿಳಿಸಿ ಜಾಗ ಮಾಡಿದರು. ‘ಹತ್ತಿ ಅತ್ತಿಗೆ, ಆಸ್ಪತ್ರೆಗೆ ಹೋಗೋಣ. ಹಿಟ್ಟಿನ ಸೀಟು, ಬೇಜಾರು ಮಾಡ್ಕೋಬೇಡಿ.’ ಗಂಡನೂ ಜೊತೆಗೆ ಹತ್ತಿದರು. ಅಂದು ಕೀಲಿನ ಡಾಕ್ಟರ ಕೋಣೆಯ ಹೊರಗೆ ಕಾದು ಕೂತವರು, ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ ಮೂವರು ಒಟ್ಟಿಗೆ ಬಂದದ್ದನ್ನು ಕಂಡು ಎದ್ದು ಜಾಗ ಬಿಟ್ಟರಂತೆ.

ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು, ನಿಧಾನದ ಮಾತು. ಗೆಣ್ಣುಗಳ ಸಾಲನ್ನು ಎರಡೂ ಪಕ್ಕದಿಂದ ಮೆಲ್ಲಗೆ ಅಮುಕಿದರು. ಅತ್ತಿಗೆ ಹಲ್ಲು ಕಚ್ಚಿದರು. ಮಣಿಕಟ್ಟು ನೋಡಿದರು. ಬೆರಳ ತುದಿಯ ಗೆಣ್ಣುಗಳನ್ನೂ ಒತ್ತಿದರು, ಅಲ್ಲಿ ನೋವಿರಲಿಲ್ಲ.

‘ಬೆಳಿಗ್ಗೆ ಬಿಗಿತ ಎಷ್ಟು ಹೊತ್ತಿರತ್ತೆ?’

‘ಮೊದಲನೇ ಬ್ಯಾಚ್ ಒಲೆಯಿಂದ ಹೊರಗೆ ಬರೋವರೆಗೂ.’

ಡಾಕ್ಟರಿಗೆ ಲೆಕ್ಕ ಗೊತ್ತಾಗಲಿಲ್ಲ. ಗಂಡ ವಿವರಿಸಿದರು. ಒಂದು ಗಂಟೆಗೂ ಹೆಚ್ಚು.

‘ಮನೆಯಲ್ಲಿ ಇದನ್ನ ಮೊದಲು ಗಮನಿಸಿದ್ದು ಯಾರು?’

‘ನಮ್ಮತ್ತೆ. ಉಬ್ಬಿದ ಕಣಕದ ಹಾಗಿದೆ ಅಂದ್ರು.’

ಡಾಕ್ಟರ್ ತಲೆಯೆತ್ತಿ ನಕ್ಕರು. ‘ನಮ್ಮ ಪುಸ್ತಕದಲ್ಲೂ ಸುಮಾರು ಹಾಗೇ ಬರೆದಿರತ್ತೆ.’

ರಕ್ತ ಪರೀಕ್ಷೆಯಾಯಿತು. ಬೆರಳುಗಳ ಮೇಲೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬೂದು ಬಣ್ಣದ ಗೆಣ್ಣಿನ ಸುತ್ತ ಕೆಂಪು ಚುಕ್ಕೆಗಳು ಮಿನುಗಿದವು. ರಕ್ತ ಹೆಚ್ಚಾಗಿ ನುಗ್ಗುತ್ತಿದ್ದ ಜಾಗಗಳವು. ‘ಒಲೆ ಉರೀತಿರೋ ಹಾಗಿದೆ’ ಅಂದರು ಗಂಡ. ಡಾಕ್ಟರ್ ಅಲ್ಲಗಳೆಯಲಿಲ್ಲ.

ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ಎರಡು ಎಲುಬು ಸೇರುವ ಕಡೆ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಸುತ್ತ ಗಟ್ಟಿ ಚೀಲ. ಆ ಚೀಲದ ಒಳಮೈಗೆ ಅಂಟಿಕೊಂಡು ತೆಳ್ಳನೆಯ ಒಂದು ಪೊರೆಯಿದೆ. ಮೃದ್ವಸ್ಥಿಯ ಮೇಲೆ ಅದು ಹರಡಿರುವುದಿಲ್ಲ. ಉಳಿದ ಒಳಗೋಡೆಗೆಲ್ಲ ಅದೇ ಅಸ್ತರಿ. ಅದರ ಮೇಲ್ಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪ. ಅಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಒಬ್ಬರು ಸವೆದು ಬಿದ್ದ ಚೂರುಗಳನ್ನು ಗುಡಿಸಿ ತಿನ್ನುತ್ತಾರೆ. ಇನ್ನೊಬ್ಬರು ಹಸಿ ಮೊಟ್ಟೆಯ ಬಿಳಿಯ ಹಾಗೆ ಜಾರುವ ದ್ರವಕ್ಕೆ ಅದರ ಜಾರಿಕೆಯನ್ನು ತಯಾರಿಸಿ ಕೊಡುತ್ತಾರೆ. ಕೆಳಗಿನ ಸಡಿಲ ಪದರದಲ್ಲಿ ಕೊಬ್ಬು, ಸಣ್ಣ ರಕ್ತನಾಳಗಳು. ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ; ಅದರ ಊಟವೆಲ್ಲ ಹೆಚ್ಚುಕಡಿಮೆ ಈ ದ್ರವದ ಮೂಲಕವೇ ಹೋಗಬೇಕು. ಬೆರಳು ಮಡಚಿ ಬಿಚ್ಚುವಾಗ ಎಳೆತ ತಾಳಲೆಂದು ಪೊರೆ ನೆರಿಗೆ ನೆರಿಗೆಯಾಗಿದೆ. ಸ್ನಾಯುಗಳನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟಿನಲ್ಲಿ ಹಾದುಹೋಗುವ ಕೊಳವೆಗಳಿಗೂ ಇಂಥದ್ದೇ ಪೊರೆ.

‘ಇಷ್ಟು ಪಾಪದ್ದಾ? ಇದಕ್ಕೇನಾಗಿದೆ ಹಾಗಾದ್ರೆ?’ ಎಂದರು ಅತ್ತಿಗೆ.

‘ಇದಕ್ಕೆ ಬರೋ ಕಾಯಿಲೆ ಒಂದೆರಡಲ್ಲ. ಒಳಗೆ ಕ್ರಿಮಿ ಹೊಕ್ಕರೆ ಕೀವಾಗತ್ತೆ. ಕೆಲವರಿಗೆ ಹರಳು ಕಟ್ಟಿ ಚುಚ್ಚತ್ತೆ. ಪೆಟ್ಟು ಬಿದ್ದರೆ ನೀರು ತುಂಬತ್ತೆ. ಅಪರೂಪಕ್ಕೆ ಪೊರೆಯೇ ಗಂಟಾಗಿ ಬೆಳೆಯೋದೂ ಉಂಟು. ನಿಮ್ಮದು ಬೇರೆ. ಮೈಯನ್ನ ಕಾಯಬೇಕಾದ ಪಡೆಯೇ ತಪ್ಪು ತಿಳಿದು ಈ ಪೊರೆ ಮೇಲೆ ದಂಡೆತ್ತಿ ಬಂದಿದೆ. ಅದಕ್ಕೇ ಎರಡೂ ಕೈಗೆ ಒಂದೇ ಥರ. ತೆಳ್ಳಗಿದ್ದದ್ದು ಪದರದ ಮೇಲೆ ಪದರವಾಗಿ ಊದಿದೆ. ರಾತ್ರಿ ಕೈ ಆಡದೆ ಇರೋದರಿಂದ ನೀರು ನಿಂತು ಬೆಳಿಗ್ಗೆ ಬಿಗಿಯತ್ತೆ. ಆಡಿಸ್ತಾ ಆಡಿಸ್ತಾ ಮಧ್ಯಾಹ್ನಕ್ಕೆ ಸಡಿಲ ಆಗತ್ತೆ.’

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೆಳಿಗ್ಗೆ ಏಳದೆ ಮಧ್ಯಾಹ್ನ ಏಳುತ್ತಿದ್ದದ್ದು ಯಾವುದೆಂದು ಈಗ ತಿಳಿಯಿತು.

‘ಬಿಟ್ಟರೆ?’

‘ಊದಿದ ಪೊರೆ ಅಂಚಿನಿಂದ ಮೃದ್ವಸ್ಥಿ ಮೇಲೆ ಹಬ್ಬಿ ಅದನ್ನ ಕೊರೆಯತ್ತೆ. ಆಮೇಲೆ ಎಲುಬನ್ನ. ಕೊರೆದದ್ದು ತುಂಬಿ ಬರಲ್ಲ. ಎಡಗೈ ನಡುಬೆರಳಿನ ಗೆಣ್ಣಲ್ಲಿ ಒಂದು ಸಣ್ಣ ತೂತು ಆಗಲೇ ಕಾಣ್ತಾ ಇದೆ. ಉಳಿದದ್ದನ್ನ ಉಳಿಸೋಣ.’

ಅತ್ತಿಗೆ ತಮ್ಮ ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡರು. ಆಮೇಲೆ, ಗಂಡ ಬೇಡವೆಂದು ಕಣ್ಣಲ್ಲಿ ಹೇಳುತ್ತಿದ್ದರೂ, ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟರು. ‘ನನಗೆ ಮತ್ತೆ ಹದ ತಿಳಿಯತ್ತಾ?’

‘ಊತ ಇಳಿಸೋಕೆ ಒಳ್ಳೆ ಔಷಧಿ ಇದೆ. ಬಹಳ ಜನಕ್ಕೆ ಕೆಲಸ ಮಾಡತ್ತೆ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಹದದ ವಿಷಯ ನನಗೆ ಗೊತ್ತಿಲ್ಲಮ್ಮ. ಅದು ನೀವೇ ನನಗೆ ಹೇಳ್ಬೇಕು.’

ಮುಖ್ಯ ಮಾತ್ರೆ ವಾರಕ್ಕೊಮ್ಮೆ, ದಿನವೂ ಅಲ್ಲ. ಇದನ್ನು ಡಾಕ್ಟರ್ ಎರಡೆರಡು ಸಲ ಹೇಳಿದರು. ಬೇಕರಿಗೆ ರಜೆಯಿರುವ ದಿನ ಮಾತ್ರೆಯ ದಿನವಾಯಿತು. ಆಗಾಗ ರಕ್ತ ಪರೀಕ್ಷೆ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿ ಬೆರಳು ಆಡಿಸುವುದು. ಬಿಗಿದಿರುವ ಹೊತ್ತಿನಲ್ಲಿ ನಾದುವುದು ಬೇಡ. ಔಷಧಿ ಹಿಡಿಯುವವರೆಗೆ ಕೈಯ ಮಾತನ್ನು ನಂಬುವುದೂ ಬೇಡ.

ಎಲ್ಲಕ್ಕೂ ಅತ್ತಿಗೆ ತಲೆಯಾಡಿಸಿದರು. ಕೊನೆಯದಕ್ಕೆ ಮಾತ್ರ ತಲೆ ಆಡಲಿಲ್ಲ.

ಹೂಂ ಅನ್ನುವವರು ಯಾರು ಎಂಬ ಪ್ರಶ್ನೆ ಅಂದು ಊಟದ ಹೊತ್ತಿಗೆ ಬಂತು. ಅತ್ತೆ ತಮ್ಮಿಂದ ಇನ್ನು ನಿಲ್ಲಲಾಗದು ಎಂದರು. ಗಂಡನ ಹೆಸರನ್ನು ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಉಳಿದದ್ದು ನಾದಿನಿ.

‘ನಾನಾ? ನನಗೆ ಕಾಯೋಕೆ ಬರಲ್ಲ ಅಂತ ಊರಿಗೇ ಗೊತ್ತು.’

‘ಕಾಯೋದೇ ಕೆಲಸ. ಬೆರಳು ಆಮೇಲೆ’ ಅಂದರು ಅತ್ತಿಗೆ. ದನಿ ಸಮಾಧಾನವಾಗಿಯೇ ಇತ್ತು. ಊಟ ಮಾತ್ರ ತಟ್ಟೆಯಲ್ಲಿ ಉಳಿಯಿತು.

ಹೀಗೆ ಇಬ್ಬರೂ ಜಾಗ ಬದಲಾಯಿಸಿದರು. ನಾದಿನಿಯ ಹೂಂ ಮೊದಲ ವಾರಗಳಲ್ಲಿ ಪ್ರಶ್ನೆಯ ಹಾಗಿರುತ್ತಿತ್ತು. ‘ಹೂಂ...?’ ಎಂದು ಒತ್ತಿದ ಬೆರಳನ್ನು ಗಾಳಿಯಲ್ಲೇ ಹಿಡಿದು ಅಣ್ಣನ ಮುಖ ನೋಡುತ್ತಿದ್ದರು. ‘ನನ್ನ ಮುಖದಲ್ಲಿ ಏನು ಉಬ್ಬಿದೆ ಅಂತ ನೋಡ್ತೀಯ?’ ಅನ್ನುತ್ತಿದ್ದರು ಅಣ್ಣ. ಬ್ರೆಡ್ ಕೆಲವು ದಿನ ಸೊಗಸಾಗಿ ಬರುತ್ತಿತ್ತು, ಕೆಲವು ದಿನ ಪಕ್ಕ ಬಿರಿಯುತ್ತಿತ್ತು. ಗಿರಾಕಿಗಳು ಬಿಟ್ಟು ಹೋಗಲಿಲ್ಲ. ‘ಇವತ್ತಿನದು ಯಾವ ಕಡೆ ಒಡೆದಿದೆ, ತೋರಿಸಮ್ಮ’ ಎಂದು ಆರಿಸಿಕೊಂಡು ಒಯ್ಯುತ್ತಿದ್ದರು.

ಗಲ್ಲಾದಲ್ಲಿ ಕೂತ ಅತ್ತಿಗೆ ಬೇರೆಯೇ ಸಮಸ್ಯೆ. ವ್ಯಾಪಾರಕ್ಕಿಂತ ಹೆಚ್ಚು ವಿಚಾರಣೆ ನಡೆಯತೊಡಗಿತು. ಬನ್ ಕೇಳಿದವರ ಕೈಯನ್ನೊಮ್ಮೆ ನೋಡಿ, ‘ಬೆಳಿಗ್ಗೆ ಮುಷ್ಟಿ ಕಟ್ಟಕ್ಕಾಗತ್ತಾ ನಿಮಗೆ?’ ಎನ್ನುತ್ತಿದ್ದರು. ಕೀಲಿನೊಳಗಿನ ಪೊರೆಯ ಸಂಗತಿ ಇಡೀ ಬೀದಿಗೆ ಬಾಯಿಪಾಠವಾಯಿತು. ನಿವೃತ್ತ ಮೇಷ್ಟರು ದಿನವೂ ಒಂದು ಪ್ರಶ್ನೆ ತರುತ್ತಿದ್ದರು. ‘ಅಲ್ಲಮ್ಮ, ಅಷ್ಟು ತೆಳ್ಳಗಿರೋದು ಅಷ್ಟೆಲ್ಲ ಕೆಲಸ ಮಾಡತ್ತೆ ಅಂತೀಯಲ್ಲ, ಸಂಬಳ ಯಾರು ಕೊಡ್ತಾರೆ?’ ಪಕ್ಕದ ಅಂಗಡಿಯ ಕ್ಷೌರಿಕ ಒಂದು ದಿನ ಕಾಲಿನ ಹೆಬ್ಬೆರಳು ಕೆಂಪಗೆ ಊದಿಸಿಕೊಂಡು, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದರು.

‘ಅತ್ತಿಗೆ, ನಂಗೂ ನಿಮ್ಮದೇ ಬಂದಿದೆ.’

‘ನನ್ನದು ನನ್ನ ಹತ್ತಿರವೇ ಇದೆ. ನಿಮ್ಮದೇನೋ ನಂಗೊತ್ತಿಲ್ಲ. ನಡೀರಿ ಡಾಕ್ಟರ ಹತ್ತಿರ.’

ಅವರದು ಹರಳು. ಆ ಹರಳುಗಳು ಕೆಣಕಿದ್ದೂ ಅದೇ ಒಳಪೊರೆಯನ್ನೇ. ಹೀಗೆ ಒಬ್ಬೊಬ್ಬರಾಗಿ ಹೋಗತೊಡಗಿ, ಮುಂದಿನ ಸಲ ಅತ್ತಿಗೆಯನ್ನು ಕಂಡಾಗ ಡಾಕ್ಟರ್ ಕೇಳಿದ ಮೊದಲ ಮಾತು, ‘ಈ ವಾರ ಯಾರನ್ನ ಕಳಿಸ್ತೀರಿ?’

ಈ ನಗುವಿನ ನಡುವೆಯೂ ಅತ್ತಿಗೆ ದಿನಕ್ಕೊಮ್ಮೆ, ಯಾರೂ ನೋಡದ ಹೊತ್ತಲ್ಲಿ, ಒಳಗೆ ಹೋಗಿ ಅಚ್ಚಿನ ಮೇಲೆ ಬೆರಳಿಡುತ್ತಿದ್ದರು. ಬೆರಳು ಏನೂ ಹೇಳುತ್ತಿರಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಎಂದು ಅವರು ಗಂಡನಿಗೆ ಹೇಳಿದ್ದುಂಟು. ಗಂಡ ಸಮಾಧಾನದ ಮಾತು ಬಾರದವರು. ಮರುದಿನದಿಂದ ಎಲ್ಲ ಡಬ್ಬಿಗಳ ಮುಚ್ಚಳವನ್ನೂ ಅರ್ಧ ಸಡಿಲಿಸಿ ಇಡತೊಡಗಿದರು. ಸಕ್ಕರೆಗೆ ಇರುವೆ ಬಂತು. ಅದಕ್ಕೆ ಅವರ ತಾಯಿ ಬೈದರು. ಅವರು ಸಡಿಲಿಸುವುದನ್ನು ಬಿಡಲಿಲ್ಲ.

ಅತ್ತೆಗೆ ಮಾತ್ರ ದಿನವೂ ಬೆಳಿಗ್ಗೆ ಒಂದು ಕೆಲಸವಿತ್ತು. ಸೊಸೆ ಬಿಸಿನೀರಿಂದ ಕೈ ತೆಗೆದೊಡನೆ ಗೆಣ್ಣುಗಳನ್ನು ಒತ್ತಿ ನೋಡುವುದು. ‘ಇನ್ನೂ ಮೆತ್ತಗಿದೆ.’ ‘ಇನ್ನೂ ಇದೆ.’ ‘ಇವತ್ತು ಸ್ವಲ್ಪ ಕಡಿಮೆ ಅನ್ನಿಸ್ತು, ಖುಷಿಪಡಬೇಡ.’ ಮೂರನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಒತ್ತಿ, ಹುಬ್ಬೇರಿಸಿ, ಮತ್ತೊಮ್ಮೆ ಒತ್ತಿದರು. ‘ಎಲುಬು ಸಿಕ್ತು!’ ಎಂದು ಇಷ್ಟು ಜೋರಾಗಿ ಕೂಗಿದರೆಂದರೆ, ಹೊರಗೆ ಬ್ರೆಡ್ಡಿಗೆ ನಿಂತವರು ಗಾಬರಿಯಾದರು.

ಅದೇ ವಾರ ಅತ್ತಿಗೆ ರವಿಕೆಯ ಗುಂಡಿ ತಾವೇ ಹಾಕಿಕೊಂಡರು. ಮುಷ್ಟಿ ಕಟ್ಟಿ ಗಂಡನ ಭುಜಕ್ಕೆ ಗುದ್ದಿ ತೋರಿಸಿದರು. ‘ನೋವಾಯ್ತಾ?’ ‘ಆಯ್ತು.’ ‘ಅಬ್ಬ, ಸದ್ಯ!’ ಅಂದರು.

ಸ್ಕ್ಯಾನಿನ ಪರದೆಯ ಮೇಲಿನ ಕೆಂಪು ಚುಕ್ಕೆಗಳಲ್ಲಿ ಒಂದೆರಡು ಬಿಟ್ಟರೆ ಉಳಿದವು ಆರಿದ್ದವು. ಎಡಗೈ ನಡುಬೆರಳು ಪೂರ್ತಿ ಮಡಚುವುದಿಲ್ಲ, ಇನ್ನು ಮಡಚುವುದೂ ಇಲ್ಲ. ಮಾತ್ರೆ ನಿಲ್ಲಿಸುವಂತಿಲ್ಲ. ಡಾಕ್ಟರ್ ಇದನ್ನೆಲ್ಲ ಹೇಳಿ, ‘ಹದ?’ ಎಂದು ಕೇಳಿದರು.

‘ಊತ ಇಳಿದ ಮೇಲೆ ಕೈಯನ್ನ ಕೇಳಿಲ್ಲ ಇನ್ನೂ’ ಅಂದರು ಅತ್ತಿಗೆ. ‘ಧೈರ್ಯ ಬಂದಿಲ್ಲ.’

ಮನೆಯಲ್ಲೂ ಯಾರೂ ಕೇಳಲಿಲ್ಲ. ನಾದಿನಿಯ ಹೂಂ ಅಷ್ಟರಲ್ಲಿ ಗಟ್ಟಿಯಾಗಿತ್ತು. ಅದನ್ನು ಕಸಿದುಕೊಳ್ಳುವಂತೆ ಒಳಗೆ ನುಗ್ಗಲು ಅತ್ತಿಗೆಗೆ ಮನಸ್ಸಿರಲಿಲ್ಲ. ಕೈ ಮತ್ತೆ ಸುಳ್ಳು ಹೇಳಿದರೆ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು.

ಒಂದು ಸಾಧಾರಣ ಬೆಳಿಗ್ಗೆ. ಬಿಳಿಮೀಸೆ ಮೂಟೆ ಇಳಿಸುತ್ತಿದ್ದರು. ನಾದಿನಿ ಅಚ್ಚುಗಳ ಸಾಲಿನ ಮೇಲೆ ಬೆರಳಾಡಿಸಿ ‘ಹೂಂ’ ಅಂದರು. ಗಂಡ ಸಲಿಕೆಯ ಮೇಲೆ ಮೊದಲ ಅಚ್ಚುಗಳನ್ನು ಇಟ್ಟುಕೊಂಡರು. ಚಿಲ್ಲರೆ ಡಬ್ಬಿ ಒಯ್ಯಲು ಗಲ್ಲಾದಿಂದ ಒಳಗೆ ಬಂದಿದ್ದ ಅತ್ತಿಗೆ ಹಾದುಹೋಗುತ್ತ, ಹಳೆಯ ಅಭ್ಯಾಸದಿಂದ, ಕೊನೆಯ ಅಚ್ಚನ್ನು ಎರಡು ಬೆರಳಿಂದ ಒತ್ತಿದರು. ನಿಂತರು. ಇನ್ನೊಂದನ್ನು ಒತ್ತಿದರು. ಗುಳಿಯನ್ನು ನೋಡಲಿಲ್ಲ, ಕಣ್ಣು ಗೋಡೆಯ ಮೇಲಿತ್ತು.

‘ಇಲ್ಲ’ ಅಂದರು.

ಸಲಿಕೆ ಒಲೆಯ ಬಾಯಲ್ಲೇ ನಿಂತಿತು.

‘ಏನಿಲ್ಲ?’ ಎಂದರು ನಾದಿನಿ.

‘ಇನ್ನೂ ಎಚ್ಚರ ಇದೆ ಅದಕ್ಕೆ. ನಿದ್ದೆ ಬಂದಿಲ್ಲ.’

‘ಅತ್ತಿಗೆ, ನಾನು ಈಗ ತಾನೇ ನೋಡಿದೆ. ಸರಿಯಾಗೇ ಇದೆ.’

‘ಇರಬಹುದು. ನನ್ನ ಕೈಗೆ ಹಾಗನ್ನಿಸ್ತು ಅಷ್ಟೆ. ನೀನು ಹೇಳಿದ ಹಾಗೇ ಮಾಡು.’

ಗಂಡ ಸಲಿಕೆ ಹಿಡಿದು ತಂಗಿಯನ್ನೂ ಹೆಂಡತಿಯನ್ನೂ ನೋಡಿದರು. ‘ಯಾರಾದ್ರೂ ಬೇಗ ಹೇಳಿ. ನನ್ನ ಹುಬ್ಬು ಸುಡ್ತಾ ಇದೆ.’

ತೀರ್ಪು ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅತ್ತೆ. ‘ಅರ್ಧ ಈಗ ಹೋಗಲಿ. ಅರ್ಧ ಇವಳು ಹೇಳಿದಾಗ.’

ಮೊದಲರ್ಧ ಹೋಯಿತು. ಅತ್ತಿಗೆ ಉಳಿದ ಅಚ್ಚುಗಳ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಹೊರಗೆ ಮೇಷ್ಟರು ‘ಹೂಂ ಆಯ್ತಾ?’ ಎಂದು ಕೇಳಿದರು. ಬಿಳಿಮೀಸೆ ಮೂಟೆಯ ಮೇಲೆ ಕೂತು ಮೀಸೆ ನೀವುತ್ತ, ‘ಈ ಸಲ ನನ್ನ ಹಿಟ್ಟಿನ ಮ್ಯಾಲೆ ಬರಬೇಡಿ ಮತ್ತೆ’ ಅಂದರು. ಅತ್ತಿಗೆ ಒತ್ತಿದರು, ಕಾದರು. ಮತ್ತೆ ಒತ್ತಿದರು. ಕಾದರು. ಆಮೇಲೆ, ತುಸು ಕೀರಲಾದ ದನಿಯಲ್ಲಿ, ‘ಹೂಂ.’

ಮೊದಲರ್ಧ ಹೊರಬಂದಾಗ ಬ್ರೆಡ್ಡುಗಳ ಮಗ್ಗುಲು ಅಲ್ಲಲ್ಲಿ ಬಿರಿದಿತ್ತು. ನಾದಿನಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ‘ತಿನ್ನೋಕೆ ಚೆನ್ನಾಗೇ ಇದೆಯಪ್ಪ.’

‘ನಿನಗೆ ತಿನ್ನೋಕೆ ಯಾವುದು ಚೆನ್ನಾಗಿರಲ್ಲ?’ ಅಂದರು ಅಣ್ಣ.

ಎರಡನೆಯ ಅರ್ಧ ಬಂತು. ಗಂಡ ಅಚ್ಚುಗಳನ್ನು ಮೇಜಿನ ಮೇಲೆ ಕವುಚಿದರು. ಒಂದರ ಪಕ್ಕ ಒಂದು, ಎಲ್ಲಕ್ಕೂ ಒಂದೇ ದುಂಡು ಬೆನ್ನು, ಒಂದೇ ಬಣ್ಣ, ಎಲ್ಲೂ ಬಿರುಕಿಲ್ಲ. ಬ್ರೆಡ್ಡುಗಳು ಆರುತ್ತ ಸಣ್ಣಗೆ ಚಿಟಿಚಿಟಿ ಅನ್ನುತ್ತಿದ್ದವು. ಅತ್ತಿಗೆ ಕೈಯಿಂದ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ಕೆನ್ನೆಯೆಲ್ಲ ಹಿಟ್ಟು, ಹಿಟ್ಟಿನ ಮೇಲೆ ಎರಡು ಒದ್ದೆ ಗೆರೆ, ಬಾಯಿ ತುಂಬ ನಗು.

‘ಸರಿ, ತಗೊಳ್ಳಿ ನಿಮ್ಮ ಹೂಂ’ ಎಂದು ನಾದಿನಿ ಏಪ್ರನ್ ಬಿಚ್ಚತೊಡಗಿದರು. ಅತ್ತಿಗೆ ಅದರ ದಾರವನ್ನು ಹಿಡಿದು ಎಳೆದು ಮತ್ತೆ ಕಟ್ಟಿದರು. ನಿಧಾನವಾಗಿ, ಆದರೆ ಎರಡೂ ಕೈಯಿಂದ, ಗಂಟು ಬೀಳುವ ಹಾಗೆ.

‘ಎಲ್ಲಿಗೆ ಹೋಗ್ತೀಯ? ನನ್ನ ಕೈ ಯಾವತ್ತು ಮುನಿಸಿಕೊಳ್ಳತ್ತೋ. ಮೊದಲು ನೀನು ಒತ್ತು. ಆಮೇಲೆ ನಾನು. ಇಬ್ಬರೂ ಅನ್ನಲಿ.’

‘ಇಬ್ಬರಿಗೂ ಬೇರೆ ಬೇರೆ ಅನ್ನಿಸಿದ್ರೆ?’ ಎಂದು ಗಂಡ ಕೇಳಿದರು.

‘ನಿಮ್ಮ ಹುಬ್ಬು ಸುಡಲಿ’ ಅಂದರು ಇಬ್ಬರೂ ಒಟ್ಟಿಗೆ.

ಈಗ ಹಾಗೆಯೇ ನಡೆದಿದೆ. ವಾರದ ಮಾತ್ರೆ ತಪ್ಪಿಲ್ಲ. ಕೆಲವು ಬೆಳಿಗ್ಗೆ ಅತ್ತಿಗೆಯ ಕೈ ಬಿಗಿದಿರುತ್ತದೆ. ಅಂದು ನಾದಿನಿ ಹೇಳಿದ್ದೇ ಹೇಳಿದ್ದು. ಹೆಚ್ಚಿನ ದಿನ ಎರಡು ಜೊತೆ ಬೆರಳು ಅಚ್ಚುಗಳ ಸಾಲಿನ ಮೇಲೆ ಒಂದರ ಹಿಂದೊಂದು ಹೋಗುತ್ತವೆ, ಜಗಳವಾಗುತ್ತದೆ, ಮುಗಿಯುತ್ತದೆ. ಬೀದಿಯೂ ಹೊಸ ಪದ್ಧತಿಗೆ ಹೊಂದಿಕೊಂಡಿದೆ. ಬೆಳಿಗ್ಗೆ ಬಾಗಿಲಿಗೆ ಬರುವ ಮೇಷ್ಟರು ಚೀಲ ಮುಂದೆ ಚಾಚಿ ಕೇಳುವುದು ಇಷ್ಟೆ:

‘ಎರಡೂ ಆಯ್ತಾ?’